ಭಂಡಾರ ಮೊದಲು ಮುಟ್ಟಿದವನು

ಸುದ್ದಿ ಮುಟ್ಟಿಸಿದವಳು ಗಂಗವ್ವ ಅಲ್ಲ. ನಾನು.

ಇಷ್ಟು ಬರೆಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಹೆಂಗಸರ ಸಂಘ ಕಟ್ಟಿದವನು ನಾನು. ಈಗ ವಯಸ್ಸಾಗಿ, ಆ ಕೂಲಿಕಾರರ ಇತಿಹಾಸ ಬರೆಯಲು ಕೂತಿದ್ದೇನೆ. ಉಳಿದದ್ದೆಲ್ಲ ಸರಾಗವಾಗಿ ಬಂತು. ಮುಷ್ಕರದ ಅಧ್ಯಾಯ ಮಾತ್ರ — ಬರೆಯುತ್ತೇನೆ, ಹರಿದುಹಾಕುತ್ತೇನೆ, ಎದ್ದು ಅಂಗಳದಲ್ಲಿ ತಿರುಗಾಡುತ್ತೇನೆ.

ಭಾಷಣಗಳಲ್ಲಿ ದೇವರನ್ನು ಬೈಯುತ್ತಿದ್ದ ನಾನೇ ಸವದತ್ತಿ ಎಲ್ಲಮ್ಮನ ಭಂಡಾರ ತರಿಸಿದ್ದೆ. ಕಾಗದದ ಮೇಲಿನ ಹೆಬ್ಬೆಟ್ಟಿಗಿಂತ ಆ ಅರಿಸಿನದ ಪುಡಿ ಮುಟ್ಟಿ ಮಾಡಿದ ಆಣೆ ಗಟ್ಟಿಯೆಂದು ಗೊತ್ತಿತ್ತು. ಸೋಮವಾರ ಗೇಟಿಗೆ ಅಡ್ಡ ಕೂತು ಅರಳೆಯ ಲಾರಿ ತಡೆಯುವುದು; ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು, ಮಾಲಕನ ಹೊಸ್ತಿಲು ತುಳಿಯಬಾರದು. ಮೊದಲು ಮುಟ್ಟಿದವನು ನಾನು. ಆಮೇಲೆ ಹೆಂಗಸರು. ಗಂಗವ್ವ ಮಾತ್ರ ದೂರ ನಿಂತಳು — ಮುಟ್ಟಾಗಿದ್ದಳು, ದೇವಿಯ ಭಂಡಾರ ಹೇಗೆ ಮುಟ್ಟಿಯಾಳು?

ಭಾನುವಾರ ಮಾಲಕ ಚಹಾಕ್ಕೆ ಕರೆದ. ಹೋದೆ. ಕುರ್ಚಿ ಕೊಟ್ಟ, “ಸಾಹೇಬರ” ಎಂದ. ಅಷ್ಟಕ್ಕೇ ನನ್ನ ತಲೆ ತಿರುಗಿತು. “ನಾಳೆ ನಿಮ್ಮ ಒಂದ್ ಲಾರೀನೂ ಹೊರಗ ಬರಂಗಿಲ್ಲ, ನೋಡ್ತಿರ್ರಿ” ಎಂದು ಜಂಬ ಕೊಚ್ಚಿದೆ. ಮರುದಿನ ನಾವು ಗೇಟಿಗೆ ಹೋಗುವಷ್ಟರಲ್ಲಿ ಗೋದಾಮು ಖಾಲಿ; ರಾತ್ರೋರಾತ್ರಿ ಅರಳೆ ಸಾಗಿಸಿಬಿಟ್ಟಿದ್ದ. ವಾರದೊಳಗೆ ಮುಷ್ಕರ ಮುರಿಯಿತು.

“ಭಂಡಾರ ಮುಟ್ಟಲಾರದಾಕಿ ಅಕೀನ. ಅಕೀನ ಹೇಳ್ಯಾಳ” ಎಂದರು ಹೆಂಗಸರು. ಮುಟ್ಟಾಗಿದ್ದೆ ಎಂದು ಗಂಗವ್ವ ಅತ್ತಳು, ನೆವ ಎಂದರು. ಆಗ ನನ್ನ ಕಡೆ ತಿರುಗಿದಳು.

“ನೀವರ ಒಂದ್ ಮಾತ್ ಹೇಳ್ರಿ, ಅಣ್ಣಾರ.”

ನಾನು ಹೇಳಿದ್ದು — “ಈಗ ಸುಮ್ನಿರು ಗಂಗವ್ವಾ. ಆಮ್ಯಾಲ ನೋಡೂಣು.”

ಆ ಆಮ್ಯಾಲ ಬರಲೇ ಇಲ್ಲ. ಊರಿನ ಯಾವ ಗಿರಣಿಯಲ್ಲೂ ಹೆಂಗಸರು ಅವಳನ್ನು ಜೊತೆಗೆ ಸೇರಿಸಲಿಲ್ಲ, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ರಾಮದುರ್ಗಕ್ಕೆ ಹೋಗಿ, ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಬದುಕಿದಳು.

ಹೋದ ವಾರ ಅಲ್ಲಿಗೆ ಹೋಗಿದ್ದೆ — ಹೇಳಿಬಿಡಬೇಕೆಂದೇ. ಹೇಳುವ ಬದಲು ಮುಷ್ಕರದ ಅಧ್ಯಾಯವನ್ನು ಅವಳಿಗೆ ಓದಿ ಕೇಳಿಸಿದೆ. “ಯಾರೋ ಸುದ್ದಿ ಮುಟ್ಟಿಸಿದರು” ಎಂಬಲ್ಲಿ ಅವಳು ರಾಟಿ ನಿಲ್ಲಿಸಿದಳು.

“ಯಾರೋ ಅಂತ ಬರದ್ರ ಮಂದಿ ನನ್ನ ಹೆಸರ ಓದತಾರ್ರಿ, ಅಣ್ಣಾರ.”

ಇನ್ನೂ ಅಣ್ಣ ಎನ್ನುತ್ತಾಳೆ. ನಾನು ಆಗಲೂ ಬಾಯಿ ಬಿಡದೆ ಬಸ್ಸು ಹತ್ತಿ ಬಂದುಬಿಟ್ಟೆ. ಥೂ ನನ್ನ ಬಾಳಿಗೆ. ಮಾಲಕನ ಮುಂದೆ ಬಂದ ಮಾತು ಅವಳ ಮುಂದೆ ಬರಲಿಲ್ಲ.

ಈ ಬೆಳಿಗ್ಗೆ “ಯಾರೋ” ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಅವಳಿಗೆ ಓದಲು ಬರುವುದಿಲ್ಲ. ಆಣೆ ಮಾಡಿದ ಹೆಂಗಸರಲ್ಲಿ ಏಳು ಜನ ಇನ್ನೂ ಇದ್ದಾರೆ. ನಾಳೆ ಅವರನ್ನು ಕರೆದುಕೊಂಡು ರಾಮದುರ್ಗದ ಬಸ್ಸು ಹಿಡಿಯುತ್ತೇನೆ — ಅವಳ ಬಾಗಿಲಲ್ಲಿ ನಿಂತು, ಎಲ್ಲರೆದುರು ಓದಬೇಕು. ಯಾಕ್ರಿ ಅಣ್ಣಾರ, ಎಲ್ಲಿಗೆ, ಎಂದು ದಾರಿಯಲ್ಲೇ ಕೇಳುತ್ತಾರೆ. ಈ ಸಲ ಆಮ್ಯಾಲ ಎನ್ನುವುದಿಲ್ಲ.