ಮುಯ್ಯಾಳಿನ ತಪ್ಪು

ಗಾಳಿ ಬೀಸಿದರೆ ಕೋಲಸಿರ್ಸಿಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಹೋಗುತ್ತದೆ. ನನಗೊಂದಿಷ್ಟು ಮರ್ಯಾದೆ ಬಂದಿದ್ದು ಈ ದರಿದ್ರದಿಂದಲೇ ಎಂದರೆ ನೀವು ನಗಬಹುದು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಕಂಪನಿಯ ಕೆಲಸ ಮನೆಯಿಂದಲೇ. ಪ್ರೋಗ್ರಾಂ ಬರೆಯುವವರೆಲ್ಲ ಪುಕ್ಕಟೆ ಬಳಸುವ ಒಂದು ಓಪನ್ ಸೋರ್ಸ್ ಸಾಧನವಿದೆ; ಅದನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ನಮಗೆ ಬೇಕಾದ ಕೋಡನ್ನು ಅದು ಇಂಟರ್‌ನೆಟ್ಟಿನಿಂದ ಇಳಿಸಿಕೊಡುತ್ತದೆ. ನಡುವೆ ಸಂಪರ್ಕ ಕಡಿಯಿತೋ, ಇಳಿಸಿದ್ದನ್ನೆಲ್ಲ ಚೆಲ್ಲಿ ಮತ್ತೆ ಮೊದಲಿನಿಂದ ಶುರು! ಒಳ್ಳೆಯ ನೆಟ್‌ವರ್ಕ್ ಇರುವ ಊರಿನವರಿಗೆ ಇದು ಕಂಡೇ ಇರಲಿಲ್ಲ. ನನಗೆ ದಿನಕ್ಕೆ ಹತ್ತು ಸಲ ಕಾಣುತ್ತಿತ್ತು. ಸಿಟ್ಟು ನೆತ್ತಿಗೇರಿ, ನಿಂತಲ್ಲಿಂದಲೇ ಮುಂದುವರಿಯುವಂತೆ ನಾನೇ ತಿದ್ದುಪಡಿ ಬರೆದು ಕಳಿಸಿದೆ. ಮುಂದಿನ ಆವೃತ್ತಿಯಲ್ಲಿ ಅದು ಸೇರುತ್ತದೋ ಇಲ್ಲವೋ ಎಂದು ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ.

ಸಾಧನದ ಉಸ್ತುವಾರಿ ನೋಡುವ ಆಸಾಮಿ ಯಾವುದೋ ದೇಶದವನು. ಅವನು ಅದನ್ನು ಹಿಂದಕ್ಕೆ ಕಳಿಸಿದ. ‘ನಿನ್ನ ಕೆಲಸದ ನಡುವೆ ನಾನು ಬರೆದ ಒಂದು ಸಾಲೂ ಬದಲಾಗಿದೆ. ಯಾಕೆಂದು ಹೇಳಿಲ್ಲ. ಹೇಳದೆ ಸೇರಿಸಲಾಗದು.’

ಸಿಕ್ಕಿಬಿದ್ದೆ. ಸಂಪರ್ಕ ಕಡಿದಾಗ ಐದು ಸೆಕೆಂಡು ಕಾಯಬೇಕಾದಲ್ಲಿ ಅವನ ಕೋಡು ಐದು ಮಿಲಿಸೆಕೆಂಡು ಕಾಯುತ್ತಿತ್ತು. ನಾನು ಸದ್ದಿಲ್ಲದೆ ಸರಿಮಾಡಿದ್ದೆ. ನಮ್ಮಲ್ಲಿ ನಾಟಿಗೆ ಮುಯ್ಯಾಳು ಬರುತ್ತಾರೆ: ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಹಾಗೆ ಬಂದವರ ತಪ್ಪನ್ನು ಎದುರಿಗೆ ಆಡುವ ಪದ್ಧತಿಯಿಲ್ಲ. ನಾನು ಅತ್ತೆ ಎಂದು ಕರೆಯುವ ಪಕ್ಕದ ಮನೆಯವಳು ಒತ್ತೊತ್ತಾಗಿ ನೆಟ್ಟ ಸಸಿಯನ್ನು, ಅವಳು ಮನೆಗೆ ಹೋದ ಮೇಲೆ ಅಮ್ಮ ಕಿತ್ತು ಬಿಡಿಸಿ ನೆಡುತ್ತಾಳೆ. ಅದನ್ನೇ ನೋಡಿ ಬೆಳೆದವಳು ನಾನು.

ಆದರೂ ಬರೆಯಲೇಬೇಕಾಯಿತು. ‘ನಿಮ್ಮ ಲೆಕ್ಕ ತಪ್ಪು’ ಎಂದು ಕಾರಣ ಸಮೇತ ಬರೆದು, ಆ ಒಂದು ಸಾಲಿನ ತಿದ್ದುಪಡಿಯನ್ನು ಬೇರೆಯಾಗಿ ಕಳಿಸಿದೆ. ಇನ್ನು ಮುಗಿಯಿತು ನನ್ನ ಕಥೆ ಅಂದುಕೊಂಡೆ. ಮರುದಿನ ನಮ್ಮ ನಾಟಿ. ರಜೆ ಹಾಕಿ ಗದ್ದೆಗೆ ಇಳಿದೆ.

ಪುಣ್ಯಕ್ಕೆ ಅವತ್ತು ಗಾಳಿ ಇರಲಿಲ್ಲ. ಚಹಾ ಕುಡಿಯಲು ಬದುವಿನ ಮೇಲೆ ಕೂತಾಗ ಫೋನಿಗೆ ಉತ್ತರ ಬಂತು. ‘ಎರಡು ವರ್ಷದಿಂದ ಈ ತಪ್ಪು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಹಳ ಉಪಕಾರ. ಎರಡನ್ನೂ ಸೇರಿಸಿದ್ದೇನೆ.’ ಕೆಸರುಗಾಲಲ್ಲೇ ಕುಣಿದೆ! ನನ್ನ ಕೂಗಿಗೆ ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ಜಗತ್ತಿನ ಎಲ್ಲೆಲ್ಲಿ ಗಾಳಿ ಬೀಸಿ ನೆಟ್‌ವರ್ಕ್ ಹೋಗುತ್ತದೋ ಅಲ್ಲೆಲ್ಲ ಇನ್ನು ನನ್ನ ಕೋಡು!

ಅದೇ ಹುಮ್ಮಸ್ಸಿನಲ್ಲಿ ಮತ್ತೆ ಗದ್ದೆಗೆ ಇಳಿದು, ಮುಯ್ಯಾಳಾಗಿ ಬಂದು ನೆಡುತ್ತಿದ್ದ ಅತ್ತೆಯ ಹತ್ತಿರ ಬಾಯಿ ಬಿಟ್ಟೆ. “ಅತ್ತೇ, ಸಸಿ ಒತ್ತಾಯ್ತು. ಚೂರು ಬಿಡಿಸಿ ನೆಡಿ.”

ಅಮ್ಮ ನನ್ನನ್ನು ನುಂಗುವ ಹಾಗೆ ನೋಡಿದಳು. ಅತ್ತೆ ಸೊಂಟ ನೆಟ್ಟಗೆ ಮಾಡಿ ಜೋರಾಗಿ ನಕ್ಕಳು.

“ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ವೇ ಮಾರಾಯ್ತಿ? ನಿಮ್ಮಮ್ಮ ನಮ್ಮ ಗದ್ದೇಲಿ ಆಳಕ್ಕೆ ಹುಗಿದ ಸಸಿನ ನಾನೂ ವರ್ಷಾ ವರ್ಷಾ ಕಿತ್ತೇ ನೆಡೋದು!”

ಅಮ್ಮನ ಕೈ ನಿಂತಿತು. ಆಮೇಲೆ ಒಂದು ಸಸಿ ಹಿಡಿದು ಅತ್ತೆಯ ಪಕ್ಕಕ್ಕೆ ಹೋಗಿ ಬಗ್ಗಿದಳು.

“ಎಷ್ಟು ಆಳ ಬೇಕು, ತೋರ್ಸು ನೋಡುವ.”