ಷಡ್ಡಕನಿಗೆ ಕೊಟ್ಟ ಕೇಬಲ್

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ದರ್ಜಿ. ನಲವತ್ತೈದು ದಾಟುವವರೆಗೆ ಕತ್ತರಿ, ಟೇಪು, ಹೊಲಿಗೆ ಯಂತ್ರ ಬಿಟ್ಟು ಬೇರೆ ಲೋಕ ಗೊತ್ತಿರದ ಮನುಷ್ಯ. ನಾನು ಇಪ್ಪತ್ತಾರು ವರ್ಷದಿಂದ ಟಿ.ವಿ. ರಿಪೇರಿ ಮಾಡಿಕೊಂಡಿದ್ದೇನೆ. ಮಾವನ ಮನೆಯಲ್ಲಿ ಒಂದು ಸ್ವಿಚ್ಚು ಕೆಟ್ಟರೂ "ದೊಡ್ಡ ಅಳಿಯಂದಿರನ್ನ ಕರೀರಿ" ಅನ್ನುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡಬೇಕಾದಾಗ ಮಾತ್ರ ಅವನ ನೆನಪು. ಈ ಏರ್ಪಾಟು ನನಗೆ ಬಹಳ ಹಿಡಿಸಿತ್ತು.

ಅತ್ತೆಗೆ ಕಿವಿ ಮಂದವಾಯಿತು. ಮನೆಯಲ್ಲಿ ಅವರೊಬ್ಬರೇ ಇದ್ದಾಗ ಬಂದವರು ಕದ ಬಡಿದು ಬಡಿದು ವಾಪಸ್ಸು ಹೋಗುತ್ತಿದ್ದರು. ಏನಾದರೂ ಮಾಡಿ ಅಂತ ಎಲ್ಲರೂ ನನಗೇ ಹೇಳಿದರು. "ನೋಡೋಣ" ಅನ್ನುತ್ತಲೇ ಎರಡು ವರ್ಷ ತಳ್ಳಿದೆ. ಒಂದು ಭಾನುವಾರ ಷಡ್ಡಕ ನನ್ನ ಅಂಗಡಿಗೆ ಬಂದು, ಜೇಬಿನಿಂದ ಬೆರಳುದ್ದದ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್, ಅಂದರೆ ಬರೆದುಕೊಟ್ಟ ಹಾಗೆ ಕೆಲಸ ಮಾಡುವ ಪುಟಾಣಿ ಕಂಪ್ಯೂಟರ್, ತೆಗೆದ.

"ಭಾವ, ಇದಕ್ಕೆ ಪ್ರೋಗ್ರಾಮ್ ಬರೆಯೋದು ಕಲೀತಿದ್ದೀನಿ. ಕದ ತಟ್ಟಿದ್ರೆ ಅತ್ತೆ ಮಂಚದ ಹತ್ರ ದೀಪ ಮಿನುಗಬೇಕು. ಕಂಪ್ಯೂಟರ್‌ಗೆ ಜೋಡಿಸೋಕೆ ಒಂದು ಕೇಬಲ್ ಇದ್ರೆ ಕೊಡ್ತೀರಾ?"

ಹೊಟ್ಟೆಗೆ ಬೆಂಕಿ ಬಿತ್ತು. ಸೂಜಿಗೆ ದಾರ ಪೋಣಿಸುವವನು ನನ್ನ ಕಸುಬಿಗೆ ಕೈಹಾಕುವುದೇ? ನನ್ನ ಡಬ್ಬಿಯಲ್ಲಿ ಎರಡು ಥರದ ಕೇಬಲ್ ಇದ್ದವು, ನೋಡಲು ಅವಳಿಜವಳಿ. ಒಂದರಲ್ಲಿ ಕರೆಂಟೂ ಹೋಗುತ್ತದೆ, ಪ್ರೋಗ್ರಾಮೂ ಹೋಗುತ್ತದೆ. ಇನ್ನೊಂದು ಬರೀ ಚಾರ್ಜಿಂಗಿನದು; ಬೋರ್ಡಿನ ದೀಪವೇನೋ ಹತ್ತುತ್ತದೆ, ಪ್ರೋಗ್ರಾಮ್ ಮಾತ್ರ ಒಳಗೆ ಇಳಿಯುವುದಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಕೊಟ್ಟೆ.

ಆಮೇಲೆ ದಿನಾ ಹೆಂಡತಿಯನ್ನು ಕೇಳುವುದೇ ನನಗೆ ಕೆಲಸವಾಯಿತು. "ನಿನ್ನ ತಂಗಿ ಗಂಡನ ವಿಜ್ಞಾನ ಎಲ್ಲಿಗೆ ಬಂತು?"

"ಕಂಪ್ಯೂಟರ್‌ಗೆ ಬೋರ್ಡೇ ಕಾಣಿಸ್ತಿಲ್ವಂತೆ. ಪಾಪ, ಬರೆದಿದ್ದನ್ನೇ ಮೂರು ಸಲ ಅಳಿಸಿ ಬರೆದ್ರಂತೆ" ಅಂದಳು.

ಅವತ್ತು ನಾನು ಎರಡು ತುತ್ತು ಹೆಚ್ಚೇ ಉಂಡೆ.

ಮೂರನೇ ವಾರ ಮಾವನ ಮನೆಯಿಂದ ಕರೆ ಬಂತು. ಹೋದೆವು. ಷಡ್ಡಕ ಹೊರಗೆ ನಿಂತು ಕದ ತಟ್ಟಿದ. ಮಂಚದ ಪಕ್ಕ ಕೆಂಪು ದೀಪ ಮಿನುಗಿತು. ಅತ್ತೆ ಎದ್ದು ಹೋಗಿ ಕದ ತೆಗೆದು ಅವನ ಗಲ್ಲ ಸವರಿದರು. ಇಷ್ಟು ವರ್ಷದಲ್ಲಿ ನನ್ನ ಗಲ್ಲವನ್ನು ಅವರು ಒಮ್ಮೆಯೂ ಸವರಿದವರಲ್ಲ.

"ಮತ್ತೆ ಅಷ್ಟು ದಿನ ಏನು ತೊಂದ್ರೆ ಆಗಿತ್ತು?" ಅಂತ ನನ್ನ ಹೆಂಡತಿ ಅವನನ್ನು ಕೇಳಿದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಅವನು "ನಂದೇ ಏನೋ ತಪ್ಪು ಅತ್ತಿಗೆ" ಅಂದು ಮಾತು ಮುಗಿಸಿದ.

ಹೊರಡುವಾಗ ಮೆಟ್ಟಿಲ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದ. "ಭಾವ, ನೀವು ಕೊಟ್ಟಿದ್ದು ಬರೀ ಚಾರ್ಜಿಂಗ್ ಕೇಬಲ್. ಬೇರೆ ಹಾಕಿದ ತಕ್ಷಣ ಕೆಲಸ ಮಾಡ್ತು. ಇದೆಲ್ಲ ಹೊಸದಲ್ವಾ, ನಿಮಗೂ ಗೊತ್ತಿರಲ್ಲ ಬಿಡಿ. ನಾನು ಯಾರಿಗೂ ಹೇಳಿಲ್ಲ."

ಗೊತ್ತಿತ್ತು ಅಂದರೆ ಮಾನ ಹೋಗುತ್ತದೆ, ಗೊತ್ತಿರಲಿಲ್ಲ ಅಂದರೆ ಇಪ್ಪತ್ತಾರು ವರ್ಷದ ಕಸುಬು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಹೌದಪ್ಪ, ಗೊತ್ತಿರಲಿಲ್ಲ" ಅಂದೆ.

"ಪರವಾಗಿಲ್ಲ ಭಾವ, ಭಾನುವಾರ ಮನೆಗೆ ಬನ್ನಿ" ಅಂದ. "ಮೊದಲಿಂದ ಹೇಳಿಕೊಡ್ತೀನಿ."