ಅತ್ತಿಗೆಯನ್ನು ಎಡಗಡೆ ಕೂರಿಸಿದ್ದು

ಅಣ್ಣಾ, ನಮ್ಮ ವಿಡಿಯೋಗಳಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಅತ್ತಿಗೆಯನ್ನು ನಿನ್ನ ಎಡಗಡೆ ಕೂರಿಸಿದೆನಲ್ಲ, ಅದು ಸುಳ್ಳು. ನಿನ್ನ ಎಡಗಿವಿ ಕೇಳಿಸುತ್ತಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಕೂರಿಸಿದೆ. ಆ ಕಡೆಯಿಂದ ಮಾತು ಬಂದರೆ ಉತ್ತರ ಕೊಡಲು ನೀನು ಒಂದು ಗಳಿಗೆ ತಡ ಮಾಡುತ್ತಿದ್ದೆ. ಆ ತಡ ನನಗೆ ಬೇಕಿತ್ತು. ಜನ ನಗುತ್ತಿದ್ದದ್ದು ಅದಕ್ಕೇ.

ಎರಡು ವರ್ಷದಿಂದ ಇದನ್ನು ಬಾಯಲ್ಲಿ ಹೇಳಲು ನೋಡುತ್ತಿದ್ದೇನೆ. ನಾನು ಕಣಕಟ್ಟೆಯ ಮನೆಗೆ ಬಂದಾಗಲೆಲ್ಲ ನೀನು ಏನಾದರೂ ತಮಾಷೆ ಮಾಡುತ್ತೀಯ, ನಾನು ನಕ್ಕುಬಿಡುತ್ತೇನೆ, ಆಮೇಲೆ — ಆಮೇಲೆ ಹೇಳಲಾಗುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೂ ಬರೆದರೆ ನಡುವೆ ನೀನು ನಗಿಸಲು ಬರುವುದಿಲ್ಲವಲ್ಲ.

ನನ್ನನ್ನು ಈ ಕೆಲಸಕ್ಕೆ ಸೇರಿಸಿದವನೇ ನೀನು. ಅರಸೀಕೆರೆಯ ಮಾರ್ಕೆಟ್ಟಿಗೆ ತೆಂಗಿನಕಾಯಿ ತುಂಬಿಕೊಂಡು ಹೊರಟ ಗೂಡ್ಸ್ ಆಟೋದಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗಿ, ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಮುಂದೆ ಇಳಿಸಿದೆ. ಯಜಮಾನರಿಗೆ ನೀನು ಹೇಳಿದ್ದು ನನಗಿನ್ನೂ ನೆನಪಿದೆ. “ನಮ್ಮ ಗಿರಿಜಂಗೆ ಕಣ್ಣು ಚುರುಕು ಸಾರ್. ಬಾಯಿ ಇನ್ನೂ ಚುರುಕು. ಅದಕ್ಕೇ ಕಂಪ್ಯೂಟರ್ ಮುಂದೆ ಕೂರ್ಸಿ, ಗಿರಾಕಿಗಳ ಮುಂದೆ ಬ್ಯಾಡ.” ಅಲ್ಲೇ ನಾನು ಎಡಿಟಿಂಗ್ ಕಲಿತೆ. ಧಾರೆಯಲ್ಲಿ ಎಲ್ಲಿ ಕತ್ತರಿಸಬೇಕು, ಅಳುವ ತಾಯಿಯನ್ನು ಎಷ್ಟು ಹೊತ್ತು ತೋರಿಸಬೇಕು, ಎಲ್ಲ.

ಭಾನುವಾರ ಊರಿಗೆ ಬಂದಾಗ ನನ್ನ ಫೋನಿನಲ್ಲಿ ತೆಗೆದ ನಮ್ಮ ಮೊದಲ ತಮಾಷೆ ವಿಡಿಯೋ ನಿನಗೂ ನೆನಪಿರಬೇಕು. ತೋಟದಲ್ಲಿ ನೀನೂ ಅತ್ತಿಗೆಯೂ ಗಂಡ ಹೆಂಡತಿಯಾಗಿಯೇ ಕೂತಿದ್ದಿರಿ. “ನಾನು ತವರಿಗೆ ಹೋದ್ರೆ ನಿಮಗೆ ಬೇಜಾರಾಗಲ್ವಾ?” ಎಂದು ಅತ್ತಿಗೆ ಕೇಳಬೇಕು. “ಬ್ಯಾಗ್ ಎಲ್ಲೈತೆ?” ಎಂದು ನೀನು ಹೇಳಬೇಕು. ತೆಗೆದದ್ದನ್ನು ಹಾಗೇ ನೆಂಟರಿಗೆಲ್ಲ ಕಳಿಸಿದೆ. ಯಾರೂ ನಗಲಿಲ್ಲ. ಹಾರನಹಳ್ಳಿಯ ಚಿಕ್ಕಮ್ಮ ಫೋನ್ ಮಾಡಿ, “ಮನೇಲಿ ಎಲ್ಲ ಸರಿ ಐತೇನವ್ವಾ?” ಎಂದು ಕೇಳಿದರು.

ಏನು ತಪ್ಪಾಯಿತು ಎಂದು ಮತ್ತೆ ಮತ್ತೆ ನೋಡಿದೆ. ನೀನು ತಟ್ಟನೆ ಉತ್ತರ ಕೊಟ್ಟಿದ್ದೆ. ತಟ್ಟನೆ ಕೊಟ್ಟರೆ ಅದು ಒರಟು ಮಾತು, ಜಗಳ. ಬೇರೆ ಕಡೆ ನೀನು ಸುಮ್ಮನೆ ಕೂತಿದ್ದ ಒಂದು ತುಣುಕು ಇತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಅದನ್ನು ಸೇರಿಸಿದೆ, ಹೆಚ್ಚೆಂದರೆ ಒಂದು ಸೆಕೆಂಡು. ಅಷ್ಟು ಹೊತ್ತಿನಲ್ಲಿ ನೋಡುವವರು ನಿನ್ನ ಪರವಾಗಿ ಒಂದು ಒಳ್ಳೆಯ ಉತ್ತರ ಯೋಚಿಸಿಬಿಡುತ್ತಾರೆ, ‘ಬೇಜಾರಾಗುತ್ತೆ ಕಣೇ’ ಅನ್ನುತ್ತಾನೆ ಎಂದು. ಆಗ ನೀನು ಬ್ಯಾಗ್ ಕೇಳಬೇಕು. ಕೇಳಿದ ಕೂಡಲೇ ನಾನು ಕತ್ತರಿಸಬೇಕು, ಅತ್ತಿಗೆ ನಗುವ ಮುಂಚೆ. ತೆರೆಯ ಮೇಲಿನವರು ನಕ್ಕರೆ ನೋಡುವವರಿಗೆ ನಗಲು ಏನೂ ಉಳಿಯುವುದಿಲ್ಲ. ಒಂದೂವರೆ ಸೆಕೆಂಡು ಬಿಟ್ಟು ನೋಡಿದೆ, ಸತ್ತುಹೋಯಿತು. ಒಂದಕ್ಕೆ ತಂದೆ, ಜೀವ ಬಂತು. ಮತ್ತೆ ಕಳಿಸಿದಾಗ ಅದೇ ಚಿಕ್ಕಮ್ಮ ನಕ್ಕು ನಕ್ಕು ಕೆಮ್ಮುತ್ತಾ ಫೋನ್ ಮಾಡಿದರು. ಮಾತು ಅದೇ, ಮುಖವೂ ಅದೇ. ನಾನು ಸೇರಿಸಿದ್ದು ಒಂದು ಸೆಕೆಂಡು ಮಾತ್ರ. ಅವತ್ತು ನನಗಾದ ಸಂತೋಷ — ಓದು ಬಿಟ್ಟ ಮೇಲೆ ಅಂಥ ಸಂತೋಷ ಆಗಿರಲಿಲ್ಲ ಅಣ್ಣಾ.

ಏಳೆಂಟು ವಿಡಿಯೋ ಆದ ಮೇಲೆ ತುಣುಕು ಸೇರಿಸುವ ಕೆಲಸವೇ ತಪ್ಪಿತು. ನೀನಾಗಿಯೇ ತಡೆದು ಉತ್ತರ ಕೊಡತೊಡಗಿದೆ. “ಟೈಮಿಂಗ್ ಕಲಿತುಬಿಟ್ಟೆ ನೀನು” ಎಂದು ನಾನು ಹೊಗಳಿದೆ. “ಗುರುಗಳು ನೀವಲ್ವಾ” ಎಂದು ನನಗೇ ಕೈ ಮುಗಿದೆ ನೀನು.

ಕಂಪ್ಯೂಟರಿನಲ್ಲಿ ಮಾತು ಗುಡ್ಡದ ಹಾಗೆ ಕಾಣುತ್ತದೆ. ಅತ್ತಿಗೆಯ ಪ್ರಶ್ನೆ ಒಂದು ಗುಡ್ಡ, ನಿನ್ನ ಉತ್ತರ ಇನ್ನೊಂದು ಗುಡ್ಡ, ನಡುವೆ ಬಯಲು. ಅತ್ತಿಗೆ ಆಗ ಒಮ್ಮೆ ನಿನ್ನ ಎಡಕ್ಕೆ, ಒಮ್ಮೆ ಬಲಕ್ಕೆ ಕೂರುತ್ತಿದ್ದರು; ಎಡಕ್ಕೆ ಕೂತಾಗ ಆ ಬಯಲು ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಾ ಬಂತು. ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯುತ್ತಿದ್ದೆ. ತೆಗೆದ ತುಣುಕುಗಳಲ್ಲಿ ನೀನು “ಆಂ?” ಅನ್ನುತ್ತಿದ್ದೆ. “ಏನಂದೆ?” ಅನ್ನುತ್ತಿದ್ದೆ. ಅತ್ತಿಗೆಯ ತುಟಿ ನೋಡುತ್ತಿದ್ದೆ. ಅದನ್ನೆಲ್ಲ ನಾನೊಬ್ಬಳೇ ನೋಡಿದ್ದು. ನೋಡಿ, ಕತ್ತರಿಸಿ, ಪಕ್ಕಕ್ಕಿಟ್ಟದ್ದೂ ನಾನೇ.

ಆ ಕಾಯಿ ಬಿದ್ದ ದಿನ ಅನುಮಾನವೂ ಉಳಿಯಲಿಲ್ಲ. ನಿನ್ನ ಎಡಕ್ಕೆ ಇದ್ದ ತಗಡಿನ ಮೇಲೆ ತೆಂಗಿನಕಾಯಿ ಧಡಾರೆಂದು ಬಿತ್ತು. ಅವತ್ತು ಬಲಗಡೆ ಕೂತಿದ್ದ ಅತ್ತಿಗೆ ಎದ್ದೇಬಿಟ್ಟರು, ನನ್ನ ಕೈಯಲ್ಲಿದ್ದ ಫೋನ್ ಅಲುಗಾಡಿತು. ನೀನು ಹಾಗೇ ಕೂತಿದ್ದು, ಆಮೇಲೆ ನಿಧಾನಕ್ಕೆ ಬಲಕ್ಕೆ ತಿರುಗಿ ನೋಡಿದೆ. ಸದ್ದು ಯಾವ ಕಡೆಯಿಂದ ಬಂತು ಎಂದು ನಿನಗೆ ತಿಳಿಯಲಿಲ್ಲ. ಸ್ಟುಡಿಯೋದಲ್ಲಿ ಒಂದೊಂದೇ ಚಿತ್ರ ಸರಿಸಿ ನೋಡಿದೆ. ನಿನಗೆ ಫೋನ್ ಮಾಡಬೇಕು ಅಂದುಕೊಂಡೆ. ಅಂದುಕೊಂಡವಳು — ನೀನು ತಿರುಗುವ ಮುಂಚೆ ಅರ್ಧ ಸೆಕೆಂಡು ಕಡಿಮೆ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಹೊಳೆದು, ಕಡಿಮೆ ಮಾಡಿ, ಆ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟೆ.

ನಾವು ಮಾಡಿದ್ದರಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅದಕ್ಕೆ. ಬೇಲೂರಿಗೆ ಎಳನೀರು ಇಳಿಸಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ನಿನ್ನನ್ನು ಗುರುತು ಹಿಡಿದು, “ಕಾಯಿ ಬಿತ್ತು ಕಣಣ್ಣೋ” ಎಂದು ಕೂಗಿದ್ದನ್ನು ಎಷ್ಟು ಖುಷಿಯಿಂದ ಹೇಳಿದೆ ನೀನು. ಅವರು ಕೂಗಿದಾಗಲೂ ಬೇರೆ ಕಡೆ ತಿರುಗಿದೆಯಂತೆ. ಅದಕ್ಕೂ ನಕ್ಕರಂತೆ. ಬೇಕೆಂದೇ ಹಾಗೆ ಮಾಡಿದೆ ಎಂದು ನನ್ನ ಹತ್ತಿರ ಹೇಳಿದೆ. ನಾನು ನಂಬಿದ ಹಾಗೆ ತಲೆ ಆಡಿಸಿದೆ.

ಅದಾದ ವಾರದಲ್ಲೇ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು.

“ಗಿರಿಜಾ, ನಿಮ್ಮಣ್ಣ ಎರಡೆರಡು ಸಲ ಕರೆದ್ರೂ ಓಗೊಡಲ್ಲ. ಕಿವಿ ಸೋರ್ತೈತೆ, ಎಣ್ಣೆ ಬೆಚ್ಚಗೆ ಮಾಡಿ ಬಿಡ್ತಾ ಇದೀನಿ. ಆಸ್ಪತ್ರೆಗೆ ತೋರ್ಸಾಣ ಅಂತೀಯಾ?”

“ಅಯ್ಯೋ ಅತ್ತಿಗೆ, ಅದು ಆಕ್ಟಿಂಗು. ಮನೇಲೂ ಪ್ರಾಕ್ಟೀಸ್ ಮಾಡ್ತಾನೆ. ನೀವು ಸುಮ್ನಿರಿ.”

ಅವರು ನಕ್ಕು, “ಹಾಳಾದ್ ಗಂಡಸು” ಎಂದು ರೊಟ್ಟಿ ತಟ್ಟಲು ಕೂತರು. ನನ್ನ ಮಾತು ನಂಬಿದರು. ನಿನ್ನ ಮುಖವನ್ನು ನನ್ನಷ್ಟು ಹತ್ತಿರದಿಂದ ನೋಡುವವರು ಯಾರೂ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಮುಂದಿನ ಭಾನುವಾರ ಅವರನ್ನು ನಿನ್ನ ಎಡಗಡೆಗೆ ಕೂರಿಸಿದೆ. ಅಲ್ಲಿಂದ ಏಳು ತಿಂಗಳು ಹಾಗೇ ಕೂರಿಸಿದೆ.

ನೀನು ತಲೆ ಸುತ್ತಿ ಆಟೋ ಪಕ್ಕದಲ್ಲೇ ಕುಸಿದು ಕೂತ ಮೇಲೆ ಹಾಸನದ ಆಸ್ಪತ್ರೆಗೆ ಹೋದೆವು. ಅತ್ತಿಗೆ ಮಕ್ಕಳನ್ನು ನೋಡಿಕೊಂಡು ಊರಲ್ಲೇ ಉಳಿದರು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ಕೇಳಿದರು.

“ಒಂದ್ ತಿಂಗಳಿರಬೌದು ಸಾರ್” ಎಂದೆ ನೀನು.

ನಾನು ಪಕ್ಕದಲ್ಲೇ ಇದ್ದೆ. ಯಾವ ತಿಂಗಳು ಎಷ್ಟು ಎಂದು ಅಳತೆ ಸಮೇತ ಗೊತ್ತಿದ್ದವಳು. ಬಾಯಿ ಬಿಡಲಿಲ್ಲ. ಕೀವು ಒಳಗಿನ ಸಣ್ಣ ಮೂಳೆಗಳನ್ನೇ ತಿಂದುಬಿಟ್ಟಿದೆ, ಆಪರೇಷನ್ ಮಾಡಿ ಕೀವು ನಿಲ್ಲಿಸಬಹುದು, ಆ ಕಿವಿ ಮತ್ತೆ ಕೇಳಿಸುವುದು ಕಷ್ಟ ಎಂದರು ಡಾಕ್ಟರು. ಎಣ್ಣೆ ಬಿಡಬಾರದಿತ್ತು ಎಂದು ನಿನ್ನ ಮುಖ ನೋಡಿಯೇ ಹೇಳಿದರು. ಆಮೇಲೆ ಚೀಟಿ ಬರೆಯಲು ಬಗ್ಗಿ, ತಗ್ಗಿದ ದನಿಯಲ್ಲಿ, “ಇದನ್ನ ಕೆಡಿಸಿದ್ದು ಎಣ್ಣೆ ಅಲ್ಲ, ತಡವಾಗಿದ್ದು. ಆರು ತಿಂಗಳು ಮುಂಚೆ ಬಂದಿದ್ದರೆ ಉಳಿಸಬಹುದಿತ್ತೇನೋ” ಎಂದರು. ಅವರು ನಿನ್ನ ಎಡಕ್ಕಿದ್ದರು, ಅದು ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಮನೆಗೆ ಬಂದು ನೀನು ನಿನಗೆ ಕೇಳಿಸಿದಷ್ಟನ್ನು ಹೇಳಿದೆ. “ಎಣ್ಣೆ ಬಿಡಬಾರದಿತ್ತಂತೆ ಕಣೇ.” ಬೈಯಲಿಲ್ಲ, ಸುಮ್ಮನೆ ಹೇಳಿದೆ. ಅತ್ತಿಗೆ ಎಣ್ಣೆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

ಎರಡು ವರ್ಷವಾಯಿತು. ನೀನು ಸಲೀಸಾಗಿದ್ದೀಯ. “ಒಂದು ಕಿವಿ ಹೆಂಡ್ತಿಗೆ ರಜಾ ಕೊಟ್ಟೈತೆ” ಎಂದು ಅಂಗಡಿ ಮುಂದೆ ನಗಿಸುತ್ತೀಯ. ಅತ್ತಿಗೆ ಮಾತ್ರ ಆ ಮಾತಿಗೆ ನಗುವುದಿಲ್ಲ, ನೀನು ನೋಡಿರಬಹುದು. ಹೋದ ತಿಂಗಳು ನಿನ್ನ ಮಗಳು ಕಿವಿನೋವು ಎಂದಾಗ ಅವರು ಮಗುವನ್ನು ಮುಟ್ಟದೆ ಎದ್ದುಹೋದರು. ಹಿತ್ತಲಿಗೆ ಬಂದು ನನಗೆ ಹೇಳಿದರು, “ನನ್ನ ಕೈಯಾರೆ ನಿಮ್ಮಣ್ಣನ ಕಿವಿ ಕಳೆದೆ ಗಿರಿಜಾ. ಮಗೀನ ಮುಟ್ಟಕ್ಕೇ ಭಯ ಆಗ್ತೈತೆ.” ಆಗಲೂ ನಾನು — ಸೆರಗು ಹಿಡಿದು ಅವರ ಕಣ್ಣು ಒರೆಸಿದೆ. ಅಷ್ಟೇ ಮಾಡಿದ್ದು. ನನ್ನ ತಪ್ಪನ್ನು ಅವರು ಹೊತ್ತಿದ್ದಾರೆ, ನಾನು ಸಮಾಧಾನ ಮಾಡುತ್ತಾ ನಿಂತಿದ್ದೆ.

ನನಗೆ ಚಿಕ್ಕ ವಯಸ್ಸು, ತಿಳಿಯಲಿಲ್ಲ ಎಂದು ಬರೆಯಬಹುದು. ಇಷ್ಟು ಕೆಡುತ್ತದೆ ಎಂದು ಗೊತ್ತಿರಲಿಲ್ಲ ಎಂದೂ ಬರೆಯಬಹುದು, ಅದು ನಿಜವೂ ಹೌದು. ಆದರೆ ಕೆಡುತ್ತಿದೆ ಎಂದು ಗೊತ್ತಿತ್ತು. ನಗು ನಿಂತುಹೋಗುತ್ತದೆ ಎಂದು ಹೆದರಿದೆ. ನೀನು ಇಲ್ಲದಿದ್ದರೆ ನನ್ನ ಕತ್ತರಿಗೆ ಯಾವ ಬೆಲೆಯೂ ಇರಲಿಲ್ಲ. ಅಷ್ಟು ಕೊಟ್ಟವನಿಂದ ಇದನ್ನೂ ತೆಗೆದುಕೊಂಡೆ.

ಮತ್ತೆ ವಿಡಿಯೋ ಮಾಡೋಣ ಎಂದು ನೀನು ಕೇಳುತ್ತಲೇ ಇದ್ದೀಯ. ಸ್ಟುಡಿಯೋದಲ್ಲಿ ಕೆಲಸ ಜಾಸ್ತಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಕೆಲಸ ಜಾಸ್ತಿ ಏನೂ ಇಲ್ಲ.

ಈ ಶನಿವಾರ ಸಂಜೆ ಕಣಕಟ್ಟೆಗೆ ಬರುತ್ತೇನೆ. ಮೊದಲು ಅತ್ತಿಗೆಗೆ ಹೇಳುತ್ತೇನೆ, ಸುಳ್ಳು ಹೇಳಿದ್ದು ಅವರಿಗೆ. ಡಾಕ್ಟರು ಅಂದ ಮಾತನ್ನು ಪೂರ್ತಿ ಹೇಳುತ್ತೇನೆ. ಆಮೇಲೆ ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಊಟಕ್ಕೆ ಇರು ಎಂದರೆ ಇರುತ್ತೇನೆ. ಹಾಗೆ ಅನ್ನಬೇಕೆಂದೇನೂ ಇಲ್ಲ ಅಣ್ಣಾ. ಅರಸೀಕೆರೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡೇ ಬರುತ್ತಿದ್ದೇನೆ.